ಐದು ಟ್ಯೂಬು ಒಗೆದದ್ದು

ನಾನು ಬೆಂಗಳೂರಿಗೆ ಬಂದಾಗ ನನಗೆ ಎರಡು ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಒಂದು ಇಂಗ್ಲಿಷು, ಇನ್ನೊಂದು ಬೆಂಗಳೂರು ಕನ್ನಡ. ಇಂಗ್ಲಿಷು ಬಾರದ್ದು ನನಗೆ ಗೊತ್ತಿತ್ತು, ಅದಕ್ಕೆ ಹೆದರಿಕೊಂಡೇ ಇದ್ದೆ. ಕನ್ನಡ ಬಾರದ್ದು ಗೊತ್ತಿರಲಿಲ್ಲ. ಗದಗಿನ ಕಡೆಯವಳು ನಾನು, ಹುಟ್ಟಿದಾಗಿನಿಂದ ಆಡಿದ್ದು ಅದೇ ಮಾತು, ನನ್ನ ಕನ್ನಡಕ್ಕೆ ಯಾರು ಏನು ಹೆಸರಿಟ್ಟಾರು ಎಂಬ ಜಂಬ. ಆ ಜಂಬ ಇಳಿದ ಕಥೆ ಇದು. ಇಳಿಯುವಾಗ ಒಬ್ಬರ ಜೀವವನ್ನೂ ಜೊತೆಗೆ ಎಳೆದುಕೊಂಡು ಹೋಗುವುದರಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ, ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದು, ಬಿಟಿಎಂ ಲೇಔಟಿನ ಪಿ.ಜಿ.ಯೊಂದರಲ್ಲಿ ಮೂವರು ಹುಡುಗಿಯರಿದ್ದ ಕೋಣೆಗೆ ನಾಲ್ಕನೆಯವಳಾಗಿ ಸೇರಿಕೊಂಡಿದ್ದೆ. ಆ ಮೂವರೂ ಕಂಪ್ಯೂಟರಿನ ಮುಂದೆ ಕೂರುವವರು. ದಿನವೆಲ್ಲ ಬೇರೆಯವರ ರಕ್ತ, ಉಚ್ಚೆ, ಕಫದ ನಡುವೆ ಇದ್ದು ಬರುವ ನನ್ನ ಕೈಯಿಂದ ಒಂದು ಬಿಸ್ಕತ್ತು ಇಸಿದುಕೊಳ್ಳಲೂ ಅವರಿಗೆ ಧೈರ್ಯವಿರಲಿಲ್ಲ. ನನಗೂ ಅದು ಅನುಕೂಲವೇ ಆಗಿತ್ತು. ಊರಿಂದ ಬಂದ ಶೇಂಗಾ ಹೋಳಿಗೆ ಪೂರಾ ನನ್ನದೇ.

ಲ್ಯಾಬಿನಲ್ಲಿ ನನ್ನ ಮಾತೇ ಎಲ್ಲರಿಗೂ ಆಟ. ರಿಸೆಪ್ಷನ್ನಿನ ಹುಡುಗಿ ನನ್ನನ್ನು ಕಂಡರೆ ಸಾಕು, "ಏನ್ರೀ, ಆರಾಮ ಅದೀರೇನ್ರೀ" ಎಂದು ರಾಗ ಎಳೆಯುತ್ತಿದ್ದಳು. ನಮ್ಮ ಊರಲ್ಲಿ ಹಾಗೆ ಯಾರೂ ರಾಗ ಎಳೆಯುವುದಿಲ್ಲ. ನಮ್ಮನ್ನು ಅಣಕಿಸುವಾಗ ಬೆಂಗಳೂರಿನವರು ಮಾತ್ರ ಎಳೆಯುತ್ತಾರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ. ಆದರೆ ಹೊಸದಾಗಿ ಸೇರಿದವಳು ಸಿಟ್ಟು ತೋರಿಸಿದರೆ ನಡೆಯುತ್ತದೆಯೇ? ಹಾಗಾಗಿ ಒಂದು ಉಪಾಯ ಮಾಡಿಕೊಂಡೆ. ಯಾರು ಏನೇ ಹೇಳಲಿ, ಅರ್ಥವಾಗದಿದ್ದರೂ ತಿರುಗಿ ಕೇಳುವುದಿಲ್ಲ. "ಹೂಂ ರೀ" ಅಂದು, ತಿಳಿದಂತೆ ಮಾಡುವುದು. ಕೇಳಿದರೆ ತಾನೇ ನಗುವುದು!

ನಗದೇ ಇದ್ದವರು ಒಬ್ಬರೇ. ಲ್ಯಾಬಿನ ಹಿಂಭಾಗದಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ಒಂದು ಕೋಣೆಯಿತ್ತು. ಅಲ್ಲಿದ್ದದ್ದು ಒಂದೇ ದೊಡ್ಡ ಯಂತ್ರ, ಫ್ಲೋ ಸೈಟೋಮೀಟರ್ ಎಂದು ಅದರ ಹೆಸರು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಟೆಕ್ನಿಷಿಯನ್ ತ್ಯಾಗರಾಜನಗರದವರು, ನಲವತ್ತು ದಾಟಿದ ಹೆಂಗಸು. ಸ್ಕೂಟಿಯ ಮೇಲೆ ಬರುತ್ತಿದ್ದರು, ಬರುವಾಗಲೇ ಬೈದುಕೊಂಡು ಬರುತ್ತಿದ್ದರು. ಟ್ರಾಫಿಕ್ಕನ್ನು, ಕಾರ್ಪೊರೇಷನ್ನನ್ನು, ಮನೆಗೆಲಸದವಳನ್ನು. ಆದರೆ ಬಿಳಿ ಕೋಟು ಹಾಕಿಕೊಂಡು ಪಿಪೆಟ್ಟು ಹಿಡಿದರೆ ಮುಗಿಯಿತು, ಪೂಜೆಗೆ ಕೂತವರ ಹಾಗೆ ಮೌನ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಮೂರು ತಿಂಗಳು ನನ್ನ ಕೈಯನ್ನೇ ನೋಡಿದ ಅಕ್ಕ ಒಂದು ದಿನ, "ಇವಳ ಕೈ ನಡುಗಲ್ಲ, ನಂಗೆ ಕೊಡಿ" ಅಂತ ಲ್ಯಾಬಿನ ಡಾಕ್ಟರಿಗೆ ಹೇಳಿ ನನ್ನನ್ನು ಆ ಕತ್ತಲೆ ಕೋಣೆಗೆ ಕರೆದುಕೊಂಡರು.

ಯಂತ್ರದ ಕೆಲಸವನ್ನು ಅಕ್ಕ ನನಗೆ ತಿಳಿಸಿಕೊಟ್ಟದ್ದು ಹೀಗೆ. ನಮ್ಮ ರಕ್ತದಲ್ಲಿ ರೋಗದ ಜೊತೆ ಕಾದಾಡುವ ಬಿಳಿ ಕಣಗಳಿವೆ. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೂ ಅವುಗಳಲ್ಲಿ ಎಷ್ಟೋ ಒಂದೇ ಥರ ಕಾಣುತ್ತವೆ. ಆದರೆ ಒಂದೊಂದು ಜಾತಿಯ ಕಣದ ಮೈಮೇಲೂ ಅದರದೇ ಆದ ಗುರುತುಗಳಿರುತ್ತವೆ. ಆ ಗುರುತುಗಳಿಗೆ ನಂಬರು ಕೊಟ್ಟಿದ್ದಾರೆ. ಮೂರನೇ ನಂಬರು ಇದ್ದರೆ ಟಿ ಕಣ, ಹತ್ತೊಂಬತ್ತು ಇದ್ದರೆ ಬಿ ಕಣ. ಒಂದು ಗುರುತನ್ನು ಬಿಟ್ಟು ಇನ್ನೊಂದನ್ನು ಮುಟ್ಟದ ಆ್ಯಂಟಿಬಾಡಿಗಳನ್ನು ತಯಾರಿಸಿ, ಅವುಗಳ ಬಾಲಕ್ಕೆ ಹೊಳೆಯುವ ಬಣ್ಣ ಕಟ್ಟಿ, ಹೆಬ್ಬೆರಳಿನಷ್ಟು ಬಾಟಲಿಗಳಲ್ಲಿ ಕಳಿಸುತ್ತಾರೆ. ರಕ್ತಕ್ಕೆ ಅದನ್ನು ಬೆರೆಸಿಟ್ಟರೆ ಯಾವ ಕಣಕ್ಕೆ ಯಾವ ಗುರುತಿದೆಯೋ ಅದಕ್ಕೆ ಆ ಬಣ್ಣ ಅಂಟುತ್ತದೆ. ಆಮೇಲೆ ಕಣಗಳೆಲ್ಲ ಯಂತ್ರದೊಳಗೆ ಸಣ್ಣ ನೀರಿನ ಎಳೆಯಲ್ಲಿ, ನಮ್ಮ ಪಿ.ಜಿ.ಯ ಒಂದೇ ಬಚ್ಚಲಿಗೆ ಬೆಳಿಗ್ಗೆ ಸಾಲುಗಟ್ಟಿದ ಹುಡುಗಿಯರ ಹಾಗೆ, ಒಂದರ ಹಿಂದೆ ಒಂದು ಹೋಗುತ್ತವೆ. ಲೇಸರ್ ಬೆಳಕು ತಾಗಿದ ಕೂಡಲೇ ಒಂದು ಹಸಿರಾಗಿ, ಒಂದು ಕಿತ್ತಳೆಯಾಗಿ, ಒಂದು ಕೆಂಪಾಗಿ ಮಿಂಚುತ್ತದೆ. ಪರದೆಯ ಮೇಲೆ ಪ್ರತಿ ಕಣಕ್ಕೂ ಒಂದು ಚುಕ್ಕೆ. ಒಂದೇ ಜಾತಿಯವು ಒಂದು ಕಡೆ ಗುಂಪು ಸೇರುತ್ತವೆ.

ಮೊದಲ ಸಲ ಆ ಚುಕ್ಕೆಗಳು ಮೂಡುವುದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಓದುವಾಗ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಕಣ್ಣೆದುರು ಗುಂಪುಗುಂಪಾಗಿ ಬಂದು ಕೂತಿತ್ತು. ರಿಸೆಪ್ಷನ್ನಿನವಳು ನೂರು ಸಲ ಅಣಕಿಸಲಿ, ನಾನು ಈ ಕೋಣೆ ಬಿಡುವವಳಲ್ಲ ಅಂದುಕೊಂಡೆ.

ಆ ಕೋಣೆಗೆ ಒಂದು ಮಡಿ ಇತ್ತು. ಬಣ್ಣ ಹಾಕಿದ ಟ್ಯೂಬಿಗೆ ಬೆಳಕು ಬೀಳಕೂಡದು, ಬಿದ್ದರೆ ಬಣ್ಣ ಮಂಕಾಗುತ್ತದೆ. ಅದಕ್ಕೇ ಕಿಟಕಿಗೆ ಕಪ್ಪು ಕಾಗದ, ಅದಕ್ಕೇ ಟ್ಯೂಬಿಗೆ ಚಪಾತಿ ಸುತ್ತುವ ಫಾಯಿಲು, ಅದಕ್ಕೇ ಮೂಲೆಯಲ್ಲಿ ಒಂದು ಸಣ್ಣ ದೀಪ ಮಾತ್ರ. ಒಳಗೆ ಬಂದವರು ಅಭ್ಯಾಸಬಲದಿಂದ ಟ್ಯೂಬ್‌ಲೈಟಿನ ಸ್ವಿಚ್ಚು ಒತ್ತಿದರೆ ಅಕ್ಕನ ಬಾಯಿಗೆ ಸಿಕ್ಕರು ಎಂದೇ ಅರ್ಥ.

ನಾನು ಆ ಕೋಣೆಗೆ ಹೋದ ಎರಡನೆಯ ವಾರ, ನಾವು ಯಜಮಾನರು ಎಂದೇ ಕರೆಯುತ್ತಿದ್ದ ಒಬ್ಬ ರೋಗಿ ಬಂದರು. ಉತ್ತರಹಳ್ಳಿ ರಸ್ತೆಯಿಂದ ಒಳಗಿರುವ ಸುಬ್ರಹ್ಮಣ್ಯಪುರದವರು. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು, ಈಗ ಅದೇ ನೆಲದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಎಡಗೈ ಯಾವಾಗಲೂ ಪಕ್ಕೆಯ ಮೇಲೆ. ಹೊಟ್ಟೆಯ ಎಡಗಡೆ ಇರುವ ಗುಲ್ಮ ಊದಿಕೊಂಡಿತ್ತು, ರಕ್ತದ ಎಲ್ಲ ಕಣಗಳೂ ಕಡಿಮೆಯಾಗಿದ್ದವು, ಮೇಲಿಂದ ಮೇಲೆ ಜ್ವರ. ಇದು ಒಂದು ಬಗೆಯ ರಕ್ತದ ಕ್ಯಾನ್ಸರ್ ಇರಬಹುದು ಎಂದು ನಮ್ಮ ಲ್ಯಾಬಿನ ಡಾಕ್ಟರಿಗೆ ಅನುಮಾನ. ಅಂಚಿಗೆಲ್ಲ ಕೂದಲು ಎದ್ದ ಹಾಗೆ ಕಾಣುವ ಕಣಗಳ ಕಾಯಿಲೆ. ಅದೇ ಆಗಿದ್ದರೆ ಅದೃಷ್ಟ, ಒಂದೇ ವಾರದ ಔಷಧಕ್ಕೆ ಬಗ್ಗುತ್ತದೆ. ಅದರ ಹಾಗೇ ಕಾಣುವ ಬೇರೆ ಕಾಯಿಲೆಗಳಿಗೆ ಆ ಔಷಧ ಕೆಲಸ ಮಾಡುವುದಿಲ್ಲ. ಯಾವುದೆಂದು ಖಚಿತವಾಗಿ ಹೇಳಬೇಕಾದರೆ ಮೂಳೆಯೊಳಗಿನ ಮಜ್ಜೆಯನ್ನು ತೆಗೆದು, ನಮ್ಮ ಕತ್ತಲೆ ಕೋಣೆಗೆ ಕಳಿಸಬೇಕು.

ಯಜಮಾನರು ಮೂಳೆಗೆ ಸೂಜಿ ಹಾಕಿಸಿಕೊಳ್ಳಲು ಒಪ್ಪಿರಲಿಲ್ಲ. ಅವರ ಹೆಂಡತಿ ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡೇ ಹೋದವರಂತೆ. ಬನಶಂಕರಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ಮಗಳು ಹದಿನೈದು ದಿನ ಅತ್ತು ಕರೆದು ಒಪ್ಪಿಸಿದ್ದಳು. "ಒಂದೇ ಸಲ" ಅಂದಿದ್ದರು ಯಜಮಾನರು, ಡಾಕ್ಟರ ಮುಂದೆಯೇ. "ಸರಿ ಬರ್ಲಿಲ್ಲ, ಇನ್ನೊಂದ್ ಸಲ ಬನ್ನಿ ಅಂತ ಹೇಳಿದ್ರೆ ನಾನು ಈ ಕಡೆ ತಲೆ ಹಾಕಲ್ಲ. ಈಗ್ಲೇ ಹೇಳ್ಬಿಟ್ಟಿದೀನಿ."

ಆ ಕಾಯಿಲೆಯಲ್ಲಿ ಮಜ್ಜೆ ಸುಲಭಕ್ಕೆ ಬರುವುದೂ ಇಲ್ಲ. ಡಾಕ್ಟರು ಎಷ್ಟು ಎಳೆದರೂ ಸಿಕ್ಕಿದ್ದು ನಾಲ್ಕಾರು ಹನಿ. ಯಜಮಾನರು ತುಟಿ ಕಚ್ಚಿ ಮಲಗಿದ್ದರು. ಗಾಜಿನ ಸ್ಲೈಡಿಗೆ ಸ್ವಲ್ಪ ಹಚ್ಚಿ, ಉಳಿದದ್ದೆಲ್ಲವನ್ನೂ ಅಕ್ಕ ಐದು ಟ್ಯೂಬುಗಳಿಗೆ ಹಂಚಿದರು. ಬಾಟಲಿಯಲ್ಲಿ ಒಂದು ತೊಟ್ಟೂ ಉಳಿಯಲಿಲ್ಲ. ಆ್ಯಂಟಿಬಾಡಿ ಹಾಕಿ, ಫಾಯಿಲು ಸುತ್ತಿ, ಗಡಿಯಾರ ಒತ್ತಿ ಇಟ್ಟರು. ನನ್ನನ್ನು ಹೊರಗೆ ಬೇರೆ ಕೆಲಸಕ್ಕೆ ಕಳಿಸಿದ್ದರು.

ನಾನು ತಿರುಗಿ ಬಂದಾಗ ಗಡಿಯಾರ ಬಡಿದಿತ್ತು, ಅಕ್ಕ ಆಗಷ್ಟೇ ಫಾಯಿಲು ಬಿಚ್ಚಿದ್ದರು. ನಾನು, ದೇವರಂಥ ಹುಡುಗಿ, ಒಳಗೆ ಕಾಲಿಟ್ಟವಳೇ ಟ್ಯೂಬ್‌ಲೈಟು ಹಾಕಿದೆ.

"ಅಯ್ಯೋ, ಲೈಟು! ಆರ್ಸೇ ಮೊದ್ಲು!"

ಆರಿಸಿದೆ. ಅಷ್ಟರಲ್ಲಿ ಫೋನು. ಡಾಕ್ಟರು ಅಕ್ಕನನ್ನು ಕೂಡಲೇ ಬರಹೇಳುತ್ತಿದ್ದರು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದನ್ನು ಕಂಡು ಅಕ್ಕ ಕೈಗವಸು ಬಿಚ್ಚುತ್ತಾ, "ಹಾಳಾಗ್ಹೋಗ್ಲಿ ಬಿಡು. ಅವನ್ನೆಲ್ಲ ಒಗೆದ್ಬಿಡು, ಬಂದೆ" ಅಂದು ಹೊರಟುಹೋದರು.

ಬೆಂಗಳೂರಿನವರಿಗೆ ಇಲ್ಲಿ ವಿವರಿಸಬೇಕು. ಒಗೆಯುವುದು ಅಂದರೆ ನಿಮಗೆ ಬಟ್ಟೆ ಸ್ವಚ್ಛ ಮಾಡುವುದು. ನಮ್ಮ ಕಡೆ ಅರಿವೆಯ, ಅಂದರೆ ಬಟ್ಟೆಯ, ಮಾತು ಬಂದಾಗ ಅದೇ ಅರ್ಥ, ಮಿಕ್ಕ ಎಲ್ಲದಕ್ಕೂ ಒಗೆ ಅಂದರೆ ಬಿಸಾಡು. ಕಲ್ಲು ಒಗೆಯುತ್ತೇವೆ, ಕಸ ಒಗೆಯುತ್ತೇವೆ, ಹಳಸಿದ ಅನ್ನ ಒಗೆಯುತ್ತೇವೆ. ಟ್ಯೂಬು ಅರಿವೆಯಲ್ಲ. ಬೆಳಕು ಬಿದ್ದು ಬಣ್ಣ ಹಾಳಾಯಿತು, ಹಾಳಾದದ್ದನ್ನು ಬಿಸಾಡಲು ಹೇಳಿದ್ದಾರೆ. ನನಗೆ ಇದು ಸ್ಪಷ್ಟವಾಗಿತ್ತು. ಯಜಮಾನರ ಕಚ್ಚಿದ ತುಟಿ ಕಣ್ಣ ಮುಂದೆ ಬಂದದ್ದು ನಿಜ. ಅಕ್ಕನ ಹಿಂದೆ ಓಡಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಉಪಾಯ ಇತ್ತಲ್ಲ, ತಿರುಗಿ ಕೇಳದಿರುವುದು. ಐದೂ ಟ್ಯೂಬುಗಳನ್ನು ಮೂಲೆಯಲ್ಲಿದ್ದ ಬ್ಲೀಚ್ ನೀರಿನ ಬಕೆಟ್ಟಿಗೆ ಸುರಿದು, ಖಾಲಿ ಟ್ಯೂಬುಗಳನ್ನೂ ಅದರಲ್ಲೇ ಮುಳುಗಿಸಿದೆ.

ಕಾಲು ಗಂಟೆಯ ಮೇಲೆ ಅಕ್ಕ ಬಂದರು.

"ಒಗೆದ್ಯಾ?"

"ಹೂಂ ರೀ ಅಕ್ಕಾ, ಒಗದೆ."

"ಎಷ್ಟು ಸಲ?"

ಎಷ್ಟು ಸಲ ಅಂದರೆ? "ಒಂದ ಸಲ ರೀ."

"ಒಂದ್ಸಲ ಸಾಲಲ್ಲ ಕಣೇ. ಎರಡ್ಸಲ ಒಗೀಬೇಕು."

"ಒಂದ ಸಲಕ್ಕ ಎಲ್ಲಾ ಹೋತಲ್ರಿ ಅಕ್ಕಾ. ಮತ್ತೇನ್ ಒಗೀಲಿ?"

ಅಕ್ಕ ನನ್ನ ಮುಖ ನೋಡಿದರು. "ಎಲ್ಲಾ ಹೋಯ್ತು ಅಂದ್ರೆ? ಎಲ್ಲಿಗೆ ಹೋಯ್ತು?"

ನಾನು ಬಕೆಟ್ಟು ತೋರಿಸಿದೆ.

ಈಗ ಈ ಮಾತುಕತೆಯನ್ನು ಯಾರಿಗೆ ಹೇಳಿದರೂ ಬಿದ್ದು ಬಿದ್ದು ನಗುತ್ತಾರೆ, ನಾನೂ ಸೇರಿ. ಅವತ್ತು ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತರು. ಬೈಗುಳಕ್ಕೆ ನಾನು ಮೈ ಬಿಗಿಹಿಡಿದು ಕಾಯುತ್ತಿದ್ದೆ, ಬೈಗುಳ ಬರಲಿಲ್ಲ. "ಯಾಕೆ ಬಿಸಾಕ್ದೆ?" ಎಂದು ಬಹಳ ಮೆಲ್ಲಗೆ ಕೇಳಿದರು. "ನೀವ ಅಂದ್ರೆಲ್ರೀ, ಒಗದ್ ಬಿಡು ಅಂತ" ಅಂದೆ. ಹೇಳುತ್ತಿದ್ದ ಹಾಗೇ ಎಲ್ಲೋ ಏನೋ ತಪ್ಪಿದೆ ಎಂದು ನನಗೂ, ಏನು ತಪ್ಪಿದೆ ಎಂದು ಅಕ್ಕನಿಗೂ ಹೊಳೆಯಿತು.

ಬಣ್ಣ ಹಾಕಿದ ಕಣಗಳನ್ನು ತಿರುಗಣೆಯಲ್ಲಿ ಸುತ್ತಿಸಿ, ತಳದಲ್ಲಿ ಕೂರಿಸಿ, ಮೇಲಿನ ನೀರು ಚೆಲ್ಲಿ, ಹೊಸ ದ್ರವ ಹಾಕಿ ಮತ್ತೆ ಸುತ್ತಿಸಬೇಕು. ಅಂಟದೆ ಉಳಿದ ಹೆಚ್ಚಿನ ಬಣ್ಣವೆಲ್ಲ ಹೋಗಬೇಕು. ಇದನ್ನು ಎಲ್ಲರ ಹಾಗೆ ಅಕ್ಕನೂ ನನ್ನ ಮುಂದೆ ವಾಶ್ ಎನ್ನುತ್ತಿದ್ದರು. ಆದರೆ ಅವರ ಮನಸ್ಸಿನಲ್ಲಿ ಅದಕ್ಕೆ ಬೇರೆ ಮಾತಿತ್ತು. ಹೊಸ ಕೆಂಪು ಸೀರೆ ಬಣ್ಣ ಬಿಡುವುದು ನಿಲ್ಲುವ ತನಕ ಎರಡು ಸಲ ಒಗೆಯುತ್ತಾರಲ್ಲ, ಇದೂ ಅದೇ. ಗಡಿಬಿಡಿಯಲ್ಲಿ ಮನೆಯ ಮಾತು ಬಾಯಿಗೆ ಬಂದಿತ್ತು. ಒಂದು ಕ್ಷಣದ ಬೆಳಕಿಗೆ ಬಣ್ಣವೇನೂ ಕೆಟ್ಟಿರಲಿಲ್ಲ, ಹಾಳಾಗ್ಹೋಗ್ಲಿ ಅಂದದ್ದು ನನ್ನನ್ನು ಸಮಾಧಾನ ಮಾಡಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಅವತ್ತು ಎರಡೂ ಒಟ್ಟಿಗೇ ಹೋಗಿದ್ದವು.

ಡಾಕ್ಟರು ಕೂಗಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅವರು ಇನ್ನೊಂದ್ ಸಲ ಬರಲ್ಲ, ಗೊತ್ತು ತಾನೆ?" ಎಂದರು ಅಷ್ಟೇ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದರು. "ಹೇಳಿದ್ದು ನಾನು ಸಾರ್. ನಾನು ಹೇಳಿದ್ದನ್ನ ಇವಳು ಮಾಡಿದಾಳೆ. ಇವಳ ಹೆಸರು ಎಲ್ಲೂ ಬರಬಾರದು."

ಇಪ್ಪತ್ತು ವರ್ಷದ ಅನುಭವ ಇದ್ದವರು, ಸೇರಿ ಮೂರು ತಿಂಗಳಾದ ಹುಡುಗಿಗಾಗಿ ಹಾಗೆ ನಿಂತದ್ದು ನನಗೆ ಇಂದಿಗೂ ಮರೆಯಲಾಗುವುದಿಲ್ಲ. ಸುಮ್ಮನಿದ್ದಿದ್ದರೆ ಅವರಿಗೆ ಏನೂ ನಷ್ಟವಿರಲಿಲ್ಲ. ನನ್ನ ಕೆಲಸ ಹೋಗುತ್ತಿತ್ತು, ಊರಿಗೆ ಬಸ್ಸು ಹತ್ತುತ್ತಿದ್ದೆ, ಅಪ್ಪ ಯಾವುದಾದರೂ ಗಂಡು ನೋಡುತ್ತಿದ್ದರು. ಆಮೇಲೆ ನಾನೇ ಹಿರಿಯಳಾಗಿ, ನನ್ನ ಕೈಕೆಳಗೆ ಹುಡುಗಿಯರು ತಪ್ಪು ಮಾಡಿದಾಗಲೆಲ್ಲ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದನ್ನು ಅಕ್ಕನಿಂದಲೇ ಕಲಿತೆ. ಪೂರ್ತಿ ಕಲಿತಿದ್ದೇನೆ ಎಂದು ಹೇಳಲಾರೆ. ಹುಡುಗಿಯರನ್ನು ಕೇಳಿದರೆ ಬೇರೆಯೇ ಹೇಳಿಯಾರು.

ಡಾಕ್ಟರು, ಆ ಕಾಯಿಲೆಯ ಕಣಗಳು ರಕ್ತದಲ್ಲೂ ಅಲ್ಲೊಂದು ಇಲ್ಲೊಂದು ತಿರುಗುತ್ತಿರುತ್ತವೆ ಅಂದರು. ತೀರಾ ಕಡಿಮೆ, ಸಿಕ್ಕರೂ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ತೋಳಿನ ರಕ್ತವಾದರೂ ಇನ್ನೊಮ್ಮೆ ಕೊಟ್ಟರೆ ಹುಡುಕಿ ನೋಡಬಹುದು. ಫೋನು ಎತ್ತಿಕೊಳ್ಳಲು ಹೋದವರನ್ನು ಅಕ್ಕ ತಡೆದರು. "ಫೋನಲ್ಲಿ ಬೇಡ ಸಾರ್. ನಾವೇ ಹೋಗ್ತೀವಿ."

ಮರುದಿನ ಬೆಳಿಗ್ಗೆ ಅಕ್ಕನ ಸ್ಕೂಟಿಯ ಹಿಂದೆ ಕೂತು, ಬನಶಂಕರಿ ದಾಟಿ, ಉತ್ತರಹಳ್ಳಿ ರಸ್ತೆಯ ಧೂಳು ಕುಡಿಯುತ್ತಾ ಸುಬ್ರಹ್ಮಣ್ಯಪುರಕ್ಕೆ ಹೋದೆ. ದಾರಿಯುದ್ದಕ್ಕೂ ಬೆಂಗಳೂರು ಕನ್ನಡದಲ್ಲಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. "ನೀನೇ ಹೇಳ್ಬೇಕು, ನಾನು ಪಕ್ಕದಲ್ಲಿರ್ತೀನಿ" ಎಂದಿದ್ದರು ಅಕ್ಕ. ಹೇಳಲಿಕ್ಕೆ ನನಗಿಂತ ಒಳ್ಳೆಯವರು ಸಿಗಲಿಲ್ಲವೇ ಎಂದು ಮನಸ್ಸಿನಲ್ಲೇ ಅವರಿಗೂ ಶಾಪ ಹಾಕಿದೆ. ಸುಳ್ಳೇಕೆ ಹೇಳಲಿ.

ಮೂರು ಅಂತಸ್ತು ಬಾಡಿಗೆಯವರು, ಕೆಳಗೆ ಯಜಮಾನರು. ಮಗಳು ಬಾಗಿಲು ತೆಗೆದಳು. ಯಜಮಾನರು ಪಡಸಾಲೆಯಲ್ಲಿ ಮರದ ಕುರ್ಚಿಯ ಮೇಲೆ ಕೂತಿದ್ದರು, ಸೊಂಟಕ್ಕೆ ದಿಂಬು ಕೊಟ್ಟುಕೊಂಡು. ನಮ್ಮನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು.

"ಕೊಟ್ಟಾಯ್ತಲ್ಲ. ಮತ್ತೇನು?"

ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿಗೆ ಹೋಯಿತೋ. "ಯಜಮಾನ್ರ, ನಿಮ್ಮ ಮಜ್ಜೆ ನಾ ಒಗದ್ ಬಿಟ್ಟೆ ರೀ" ಎಂದು ನಮ್ಮೂರ ಮಾತಿನಲ್ಲೇ ಶುರು ಮಾಡಿ ಅಳಲಿಕ್ಕೇ ಹತ್ತಿದೆ. ಬಿಕ್ಕುತ್ತಾ ಬಿಕ್ಕುತ್ತಾ ಲೈಟು ಹಾಕಿದ್ದು, ಅಕ್ಕ ಹೇಳಿದ್ದು, ನಾನು ತಿಳಿದದ್ದು, ಬಕೆಟ್ಟು, ಎಲ್ಲ ಹೇಳಿದೆ. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು. ಅಕ್ಕ, "ತಪ್ಪು ನಂದು ಯಜಮಾನ್ರೆ" ಎಂದು ಶುರು ಮಾಡಿದರೆ ಯಜಮಾನರು ಕೈ ಎತ್ತಿ ಸುಮ್ಮನಿರಿಸಿದರು.

"ತಡೀರಿ. ಒಗೆದ್ಬಿಡು ಅಂದಿದ್ದಕ್ಕೆ ಬಿಸಾಕ್ಬಿಟ್ಳಾ?"

"ಹೂಂ ರೀ."

ಅವರು ಮಗಳ ಕಡೆ ತಿರುಗಿದರು. "ನೋಡ್ದೇನಮ್ಮ! ಮೇಲಿನ ಮನೆ ಹೆಂಗಸು ಬಾಗಲಕೋಟೆಯವಳು, ದಿನಾ ಬೆಳಿಗ್ಗೆ ಬಕೆಟ್ ಹಿಡ್ಕೊಂಡು ಮೆಟ್ಲಿಳೀತಾ 'ಕಸ ಒಗದು ಬರ್ತೇನ್ರಿ' ಅಂತಾಳೆ. ಎರಡು ವರ್ಷದಿಂದ ನಾನು ಯೋಚ್ನೆ ಮಾಡ್ತಿದೀನಿ, ಕಸಾನ ಯಾಕೆ ಒಗೀತಾಳೆ ಈ ಹೆಂಗಸು, ಏನಾದ್ರೂ ಮಡಿಯಾ ಅಂತ!"

ಅಷ್ಟು ಹೇಳಿ ನಗಲು ಶುರು ಮಾಡಿದರು ನೋಡಿ. ಪಕ್ಕೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚಿಕೊಂಡು, ಆದರೂ ನಗು ನಿಲ್ಲದು. ಮಗಳು ನಕ್ಕಳು. ಅಕ್ಕನೂ ನಕ್ಕರು, ನಿನ್ನೆಯಿಂದ ತಡೆದುಕೊಂಡಿದ್ದರೋ ಏನೋ. ನಾನೊಬ್ಬಳೇ ಅಳುತ್ತಿದ್ದೆ. ಬೆಂಗಳೂರಿಗೆ ಬಂದ ಮೇಲೆ ನನ್ನ ಮಾತಿಗೆ ಜನ ನಕ್ಕದ್ದು ಲೆಕ್ಕವಿಲ್ಲದಷ್ಟು ಸಲ. ಅದರಲ್ಲಿ ನನಗೆ ಸಿಟ್ಟು ಬರದೇ ಇದ್ದದ್ದು ಇದೊಂದೇ ಸಲ.

ನಗು ನಿಂತ ಮೇಲೆ ಅವರ ಮುಖ ಮತ್ತೆ ಗಟ್ಟಿಯಾಯಿತು. "ಮೂಳೆಗೆ ಮಾತ್ರ ಇನ್ನೊಂದ್ ಸಲ ಕೈ ಹಾಕ್ಸಲ್ಲ. ಮಾತು ಅಂದ್ರೆ ಮಾತು." ಅಕ್ಕ ರಕ್ತದ ವಿಷಯ ಹೇಳಿದರು. ಸಿಗುವ ಖಾತ್ರಿಯಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಯಜಮಾನರು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅಂಗಿಯ ತೋಳು ಮಡಚಿ, ಕೈ ಚಾಚಿದರು.

"ಅವಳೇ ತಗೊಳ್ಳಲಿ."

ನಡುಗದ ಕೈ ಎಂದು ಹೆಸರಾದ ನನ್ನ ಕೈ ಅವತ್ತು ಗಡಗಡ ನಡುಗಿತು. ಆದರೂ ನರ ಒಂದೇ ಸಲಕ್ಕೆ ಸಿಕ್ಕಿತು, ದೇವರು ದೊಡ್ಡವನು. ಮೂರು ಟ್ಯೂಬು ತುಂಬಿ ಮುಚ್ಚಳ ಹಾಕುವಾಗ ಯಜಮಾನರು, "ಇದನ್ನ ಜೋಪಾನ ಕಣಮ್ಮ" ಅಂದರು. ಮಗಳು ಕಾಫಿ ಕೊಟ್ಟಳು. ನಾನು ಟ್ಯೂಬುಗಳಿದ್ದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಕುಡಿದೆ, ಸ್ಕೂಟಿಯ ಮೇಲೂ ಎರಡು ಕೈಯಲ್ಲಿ ಅಪ್ಪಿಕೊಂಡೇ ಕೂತೆ. ಅಕ್ಕ ಹೊಂಡ ಕಂಡಲ್ಲೆಲ್ಲ ನಿಧಾನ ಮಾಡಿದರು. ಉತ್ತರಹಳ್ಳಿ ರಸ್ತೆಯಲ್ಲಿ ಹಾಗೆ ಮಾಡಿದರೆ ಯಾವಾಗ ತಲುಪುವುದು? ಹತ್ತೂವರೆಗೆ ಲ್ಯಾಬು ಸೇರಿದೆವು.

ಬಣ್ಣ ಹಾಕುವುದರಿಂದ ಹಿಡಿದು ಎಲ್ಲವನ್ನೂ ಅಕ್ಕ ನನ್ನ ಕೈಯಲ್ಲೇ ಮಾಡಿಸಿದರು. ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಅಳೆದು ತೂಗಿ ಆಡುತ್ತಿದ್ದರು. "ಈಗ ತೊಳಿ. ತೊಳಿ ಅಂದ್ರೆ ನಿಮ್ಮ ಕಡೆ ಏನು?" "ತೊಳಿ ಅಂದ್ರ ತೊಳೀನ ರೀ." "ಸದ್ಯ."

ಸಾಮಾನ್ಯವಾಗಿ ಹತ್ತು ಸಾವಿರ ಕಣ ಎಣಿಸಿದ ಮೇಲೆ ಯಂತ್ರವನ್ನು ನಿಲ್ಲಿಸುತ್ತಿದ್ದೆವು. ಅವತ್ತು ನಿಲ್ಲಿಸಲಿಲ್ಲ, ಟ್ಯೂಬು ಖಾಲಿಯಾಗುವ ತನಕ ಓಡಲಿ ಅಂದರು ಅಕ್ಕ. ಪರದೆಯಲ್ಲಿ ಟಿ ಕಣಗಳು ಗುಂಪುಗೂಡಿದವು, ಮಾಮೂಲಿ ಬಿ ಕಣಗಳು ಸಣ್ಣ ಗುಂಪಾಗಿ ಕೂತವು. ನಾವು ನೋಡುತ್ತಿದ್ದದ್ದು ಬಲಗಡೆಯ ಮೇಲಿನ ಮೂಲೆಯನ್ನು. ಬಿ ಕಣದ ಗುರುತಿನ ಜೊತೆಗೆ ಬಿ ಕಣಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಗುರುತೂ ಇದ್ದರೆ ಆ ಮೂಲೆಗೆ ಬರಬೇಕು. ಮೂಲೆ ಖಾಲಿ. ಬಹಳ ಹೊತ್ತು ಖಾಲಿಯೇ ಇತ್ತು. ಆಮೇಲೆ ಒಂದು ಚುಕ್ಕೆ. ಒಂದು ಚುಕ್ಕೆಗೆ ಏನೂ ಅರ್ಥವಿಲ್ಲ, ಅದು ಧೂಳೂ ಆಗಿರಬಹುದು. ಇನ್ನೊಂದು ಬಂತು, ಅದರ ಪಕ್ಕದಲ್ಲೇ. ಮತ್ತೊಂದು. ಟ್ಯೂಬು ಮುಗಿಯುವ ಹೊತ್ತಿಗೆ ಅಲ್ಲಿ ಒಂದು ಪುಟ್ಟ ಗುಂಪು ಕೂತಿತ್ತು, ಅಲ್ಲಾಡದೆ, ಚೆದುರದೆ. ಮಿಕ್ಕ ಟ್ಯೂಬುಗಳಲ್ಲೂ ಹಾಗೇ.

ಡಾಕ್ಟರು ಬಂದು ನೋಡಿ, "ಇದೇ" ಅಂದರು. ಅಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟು, ಒಂದು ಸಲ ಜೋರಾಗಿ ತಟ್ಟಿದರು. ಹೊಡೆದಷ್ಟೇ ಜೋರು.

ಯಜಮಾನರು ಆಸ್ಪತ್ರೆ ಸೇರಿ ಒಂದು ವಾರ ಆ ಔಷಧವನ್ನು ಹನಿಹನಿಯಾಗಿ ಏರಿಸಿಕೊಂಡರು ಎಂದು ಕೇಳಿದೆವು. ನಡುವೆ ಜ್ವರ ಬಂದು ಹೆದರಿಸಿತು, ಬಿಟ್ಟಿತು. ತಿಂಗಳು ಕಳೆದ ಹಾಗೆ ಕಣಗಳ ಲೆಕ್ಕ ಏರುತ್ತಾ ಬಂತು. ಪ್ರತಿ ಸಲ ರಕ್ತ ಕೊಡಲು ಬಂದಾಗಲೂ ರಿಸೆಪ್ಷನ್ನಿನಲ್ಲಿ, "ಆ ಗದಗಿನ ಹುಡುಗಿ ಇದ್ರೆ ಮಾತ್ರ" ಅನ್ನುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ನನ್ನ ಕೈಯಿಂದ ತಪ್ಪಾಯಿತು ನಿಜ, ಆದರೆ ಕೊನೆಗೆ ಕಾಯಿಲೆ ಹಿಡಿದು ಕೊಟ್ಟದ್ದೂ ನನ್ನ ಕೈಯೇ, ಅವರು ಬದುಕಿದ್ದರಲ್ಲಿ ನನ್ನದೂ ಒಂದು ಪಾಲಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆರು ತಿಂಗಳ ಮೇಲೆ ಮತ್ತೆ ಕತ್ತಲೆ ಕೋಣೆಯ ಪರೀಕ್ಷೆ ಮಾಡಬೇಕಾಯಿತು. ಬೆಳಿಗ್ಗೆ ರಕ್ತ ಕೊಟ್ಟ ಯಜಮಾನರು, ರಿಪೋರ್ಟು ನೋಡಿಕೊಂಡೇ ಹೋಗುತ್ತೇನೆ ಎಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮೂಲೆ ಖಾಲಿ ಬಂತು. ಎಷ್ಟು ಓಡಿಸಿದರೂ ಖಾಲಿ. ನಾನು ಹೇಳಲು ಓಡಿ ಬರುವಾಗ ಮಗಳು ಕಾರಿಡಾರಿನಲ್ಲಿ ಸಿಕ್ಕಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮಗೊಂದು ವಿಷ್ಯ ಹೇಳಿಲ್ಲ" ಅಂದಳು. "ಅಪ್ಪ ಅವತ್ತು ಮೂಳೆ ಟೆಸ್ಟ್ ಕೊಟ್ಟಿದ್ದು ನನ್ನ ಬಾಯಿ ಮುಚ್ಸೋಕೆ. ರಿಪೋರ್ಟ್ ಏನೇ ಬರ್ಲಿ, ಔಷಧಿ ಮಾತ್ರ ತಗೊಳ್ಳಲ್ಲ, ಬಲವಂತ ಮಾಡಬಾರದು ಅಂತ ಮೊದ್ಲೇ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ನೀವು ಬಂದು ಅತ್ತು ಹೋದ್ರಲ್ಲ, ಅವತ್ತು ಮಧ್ಯಾಹ್ನ ಊಟಕ್ಕೆ ಕೂತೋರು ತುತ್ತು ಎತ್ತಲಿಲ್ಲ. ನಾನು ಹಿಂಗೇ ಸತ್ರೆ ಆ ಹುಡುಗಿ ತಾನು ಬಿಸಾಕಿದ್ದಕ್ಕೇ ಸತ್ತ ಅಂದ್ಕೊಂಡುಬಿಡ್ತಾಳೆ, ಜೀವನ ಪೂರ್ತಿ ಅಂದ್ಕೊಳ್ತಾಳೆ, ನಡಿ ಅದೇನು ಚುಚ್ತಾರೋ ಚುಚ್ಕೊಳ್ಲಿ, ಅಂದ್ರು."

ಕಾರಿಡಾರಿನಲ್ಲಿ ಜನ ಹೋಗಿ ಬಂದು ಮಾಡುತ್ತಿದ್ದರು. ಮಗಳು ಕಣ್ಣು ಒರೆಸಿಕೊಂಡು, ನೀವೇ ಹೋಗಿ ಹೇಳಿ ಎಂದು ನನ್ನನ್ನು ಮುಂದೆ ಕಳಿಸಿದಳು.

ಯಜಮಾನರು ಮೊಣಕೈಯ ಹತ್ತಿಯನ್ನು ಇನ್ನೂ ಒತ್ತಿ ಹಿಡಿದುಕೊಂಡೇ ಕೂತಿದ್ದರು. ನಾನು ಅವರ ಪಕ್ಕದಲ್ಲಿ ಕೂತು, "ಏನೂ ಇಲ್ರೀ ಯಜಮಾನ್ರ. ಒಂದೂ ಇಲ್ಲ. ಎಲ್ಲಾ ಹೋಗೇದ" ಅಂದೆ.

ಅವರು ತಲೆಯಾಡಿಸಿದರು. ತಮ್ಮ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹತ್ತಿಯನ್ನು ನನ್ನ ಕೈಗೆ ಕೊಟ್ಟು, ತೋಳು ಇಳಿಸಿಕೊಂಡು, "ಸರಿ ಹಾಗಾದ್ರೆ" ಎಂದರು. "ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡಮ್ಮ."